ನ್ಯೂ ಆರ್ಲಿಯನ್ಸ್‌ನಲ್ಲಿ ಕೇಜನ್, ಕ್ರಿಯೋಲ್ ಊಟ: ಕಡಿಮೆ ಖರ್ಚಿನಲ್ಲಿ ಎಲ್ಲಿ, ಯಾವ ದಿನ?

ಪ್ರಶ್ನೆ: ಮಾರ್ಚ್ ಕೊನೆಯಲ್ಲಿ ಸಮ್ಮೇಳನವೊಂದಕ್ಕಾಗಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರಕ್ಕೆ ಹೋಗುತ್ತಿದ್ದೇನೆ, ಪತ್ನಿಯೂ ಜೊತೆಗಿರುತ್ತಾರೆ. ಭಾನುವಾರ ಇಳಿದು ಮುಂದಿನ ಭಾನುವಾರ ಹೊರಡುತ್ತೇವೆ. ಆ ಊರಿನ ಕೇಜನ್ ಮತ್ತು ಕ್ರಿಯೋಲ್ ಅಡುಗೆಯ ಬಗ್ಗೆ ಬಹಳ ಕೇಳಿದ್ದೇನೆ. ಆದರೆ ಅಂತರ್ಜಾಲದಲ್ಲಿ ಹುಡುಕಿದಾಗಲೆಲ್ಲ ಒಬ್ಬರ ಊಟಕ್ಕೇ ಅರವತ್ತು, ಎಂಬತ್ತು ಡಾಲರ್ ಹಿಡಿಯುವ ಜಾಗಗಳೇ ಮೊದಲು ಕಾಣುತ್ತವೆ. ಒಬ್ಬರಿಗೆ ದಿನಕ್ಕೆ 40 ಡಾಲರ್ ಮೀರದಂತೆ, ಊರಿನವರು ಉಣ್ಣುವ ಕಡೆಯೇ ಉಣ್ಣಲು ಸಾಧ್ಯವೆ? ನಾನು ಮೀನು, ಕೋಳಿ ತಿನ್ನುತ್ತೇನೆ. ದನದ ಮಾಂಸ, ಹಂದಿಮಾಂಸ ತಿನ್ನುವುದಿಲ್ಲ. ಪತ್ನಿ ಸಸ್ಯಾಹಾರಿ, ಮೊಟ್ಟೆ ಆಗುತ್ತದೆ. — ಧಾರವಾಡದ ಓದುಗರು

ಉತ್ತರ: ಖಂಡಿತ ಸಾಧ್ಯ. ಅಷ್ಟೇ ಏಕೆ, ಆ ಊರಿನ ಒಳ್ಳೆಯ ಅಡುಗೆಯಲ್ಲಿ ಬಹುಪಾಲು ಹುಟ್ಟಿದ್ದೇ ಬಡವರ ಒಲೆಯ ಮೇಲೆ. ಇವತ್ತಿಗೂ ಅದು ಚೆನ್ನಾಗಿ ಸಿಗುವುದು ಅಗ್ಗದ ಜಾಗಗಳಲ್ಲಿಯೇ. ಆ ನಗರವಿರುವ ಲೂಸಿಯಾನ ರಾಜ್ಯದಲ್ಲಿ ಹನ್ನೊಂದು ವರ್ಷ ಇದ್ದು, ಅಲ್ಲಿನ ಅಡುಗೆಯನ್ನು ತಿಂದೂ ಕಲಿತೂ ನಾನು ಅರಿತುಕೊಂಡದ್ದು ಒಂದೇ ಮಾತು: ಅಲ್ಲಿ "ಯಾವ ಹೋಟೆಲು ಚೆನ್ನಾಗಿದೆ" ಎಂದು ಕೇಳುವುದಕ್ಕೆ ಮೊದಲು "ಇವತ್ತು ಯಾವ ವಾರ, ಈಗ ಯಾವ ಕಾಲ, ಗಂಟೆ ಎಷ್ಟು" ಎಂದು ಕೇಳಿಕೊಳ್ಳಬೇಕು. ಅಲ್ಲಿನ ಅಡುಗೆ ವಾರಕ್ಕೆ, ಋತುವಿಗೆ, ಹೊತ್ತಿಗೆ ಕಟ್ಟುಬಿದ್ದ ಅಡುಗೆ. ಅದರ ಲೆಕ್ಕ ಹಿಡಿದು ಹೊರಟವರಿಗೆ ಹಣವೂ ಉಳಿಯುತ್ತದೆ, ನಿಜವಾದ ರುಚಿಯೂ ದಕ್ಕುತ್ತದೆ.

ಮೊದಲಿಗೆ ಕೇಜನ್, ಕ್ರಿಯೋಲ್ ಎಂಬ ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹುಡುಕಾಟ ದಾರಿ ತಪ್ಪುವುದು ಅಲ್ಲಿಯೇ. ಕ್ರಿಯೋಲ್ ಎಂದರೆ ನಗರದ ಅಡುಗೆ. 1718ರಲ್ಲಿ ಫ್ರೆಂಚರು ಕಟ್ಟಿದ, ಆಮೇಲೆ ಸ್ಪೇನಿನವರು ಆಳಿದ, 1803ರಲ್ಲಿ ಅಮೆರಿಕಕ್ಕೆ ಮಾರಾಟವಾದ ಈ ಬಂದರು ಪಟ್ಟಣದಲ್ಲಿ, ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಕೈಯಲ್ಲಿ, ಮೂಲನಿವಾಸಿಗಳ ಸೊಪ್ಪುಸದೆಯನ್ನೂ ಮುಂದೆ ಸಿಸಿಲಿಯಿಂದ ಬಂದವರ ರುಚಿಯನ್ನೂ ಸೇರಿಸಿಕೊಂಡು ಬೆಳೆದದ್ದು ಅದು. ಟೊಮೆಟೊ, ಬೆಣ್ಣೆ, ಬಗೆಬಗೆಯ ಸಮುದ್ರದ ಆಹಾರ ಅದರಲ್ಲಿ ಧಾರಾಳ. ಕೇಜನ್ ಎಂದರೆ ಹಳ್ಳಿಯ ಅಡುಗೆ. ಇಂದಿನ ಕೆನಡಾದ ಅಕೇಡಿಯ ಪ್ರಾಂತದಲ್ಲಿದ್ದ ಫ್ರೆಂಚ್ ರೈತರನ್ನು ಬ್ರಿಟಿಷರು 1755ರಿಂದ ಒಕ್ಕಲೆಬ್ಬಿಸಿದಾಗ ಅವರಲ್ಲಿ ಹಲವರು ಲೂಸಿಯಾನದ ಜೌಗು ನೆಲಕ್ಕೂ ಹುಲ್ಲುಗಾವಲಿಗೂ ಬಂದು ನೆಲೆಸಿದರು. 'ಅಕೇಡಿಯನ್' ಎಂಬುದೇ ಬಾಯಿಂದ ಬಾಯಿಗೆ ಸವೆದು 'ಕೇಜನ್' ಆಯಿತು. ಒಂದೇ ಪಾತ್ರೆಯಲ್ಲಿ ಬೇಯುವ, ಟೊಮೆಟೊ ಅಷ್ಟಾಗಿ ಬಳಸದ, ಹಿಟ್ಟನ್ನು ಕಪ್ಪಗೆ ಹುರಿದು ಗಟ್ಟಿಮಾಡುವ ಅಡುಗೆ ಅವರದು. ಅವರ ನಾಡಿನ ಕೇಂದ್ರ ಲಫಾಯೆಟ್, ನ್ಯೂ ಆರ್ಲಿಯನ್ಸ್‌ನಿಂದ ಪಶ್ಚಿಮಕ್ಕೆ ಎರಡು ಗಂಟೆಗೂ ಮೀರಿದ ಕಾರಿನ ದಾರಿ.

ಹಾಗಿದ್ದರೆ ನ್ಯೂ ಆರ್ಲಿಯನ್ಸ್‌ನ ಫಲಕಗಳ ಮೇಲೆಲ್ಲ 'ಕೇಜನ್' ಎಂದು ಏಕೆ ಬರೆದಿರುತ್ತದೆ? ಅದಕ್ಕೆ ಮುಖ್ಯ ಕಾರಣ ಪಾಲ್ ಪ್ರುಡಾಮ್. ಕೇಜನ್ ನಾಡಿನ ಓಪೆಲೂಸಾಸ್‌ನವರಾದ ಈ ಬಾಣಸಿಗರು 1979ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಹಳೆಯ ಬಡಾವಣೆಯಾದ ಫ್ರೆಂಚ್ ಕ್ವಾರ್ಟರ್‌ನಲ್ಲಿ ಕೆ-ಪಾಲ್ಸ್ ಎಂಬ ರೆಸ್ಟೋರೆಂಟ್ ತೆರೆದರು. ರೆಡ್‌ಫಿಷ್ ಎಂಬ ಮೀನಿಗೆ ಮಸಾಲೆ ಸವರಿ, ಕೆಂಪಗೆ ಕಾದ ಕಬ್ಬಿಣದ ಬಾಣಲೆಯಲ್ಲಿ ಕಪ್ಪಾಗುವಂತೆ ಸುಟ್ಟು ಅವರು ಕೊಟ್ಟ ತಿನಿಸು ಅಮೆರಿಕದ ತುಂಬ ಎಷ್ಟು ಹಬ್ಬಿತೆಂದರೆ, ಎಂಬತ್ತರ ದಶಕದಲ್ಲಿ ಆ ಮೀನು ಹಿಡಿಯುವುದಕ್ಕೇ ನಿರ್ಬಂಧ ಹೇರಬೇಕಾಯಿತು. ಅಂದಿನಿಂದ 'ಕೇಜನ್' ಎಂಬ ಮಾತಿಗೆ ಪ್ರವಾಸಿಗಳನ್ನು ಸೆಳೆಯುವ ಬೆಲೆ ಬಂದಿತು. ಆ ರೆಸ್ಟೋರೆಂಟ್ 2020ರಲ್ಲಿ ಮುಚ್ಚಿದರೂ ಮಾತು ಮಾತ್ರ ಎಲ್ಲ ಫಲಕಗಳಲ್ಲಿ ಉಳಿದುಕೊಂಡಿದೆ. ಆದ್ದರಿಂದ ಫೋನಿನ ನಕಾಶೆಯಲ್ಲಿ "ಕೇಜನ್ ರೆಸ್ಟೋರೆಂಟ್" ಎಂದು ಹುಡುಕಿದರೆ ಪ್ರವಾಸಿಗಳಿಗಾಗಿಯೇ ಇರುವ ಜಾಗಗಳು ಮುಂದೆ ಬರುತ್ತವೆ. ಅದರ ಬದಲು "ಪೋ ಬಾಯ್" (ಉದ್ದ ಬ್ರೆಡ್ಡಿನ ಸ್ಯಾಂಡ್‌ವಿಚ್), "ಪ್ಲೇಟ್ ಲಂಚ್", "ಸೀಫುಡ್ ಮಾರ್ಕೆಟ್" ಎಂಬ ಮಾತುಗಳನ್ನು ಕೊಟ್ಟು, ನಕಾಶೆಯನ್ನು ಮಿಡ್-ಸಿಟಿ, ಟ್ರೆಮೆ, ಅಪ್‌ಟೌನ್, ಜೆಂಟಿಲಿ ಮುಂತಾದ ಬಡಾವಣೆಗಳತ್ತ ಸರಿಸಿ ಹುಡುಕಿ. ಬೇರೆಯದೇ ಊರು ಕಾಣಿಸುತ್ತದೆ.

ಪ್ಲೇಟ್ ಲಂಚ್ ಎಂದರೆ ನಿಮ್ಮ ಧಾರವಾಡದ ಖಾನಾವಳಿಯ ಊಟದ ಹಾಗೆ. ಆ ದಿನ ಏನು ಮಾಡಿದ್ದಾರೋ ಅದು, ಅದರ ಜೊತೆ ಅನ್ನ, ಎರಡು ಪಲ್ಯ, ಒಂದು ತುಂಡು ಮೆಕ್ಕೆಜೋಳದ ಬ್ರೆಡ್ಡು. ಹಲವು ಕಡೆ ಬೆಳಿಗ್ಗೆ ಹತ್ತೂವರೆ, ಹನ್ನೊಂದಕ್ಕೆ ಆರಂಭವಾಗಿ ಮಧ್ಯಾಹ್ನ ಎರಡೋ ಮೂರೋ ಗಂಟೆಗೆ ಪಾತ್ರೆ ಬರಿದಾಗುತ್ತದೆ. ದಿನದ ಮುಖ್ಯ ಊಟವನ್ನು ಮಧ್ಯಾಹ್ನವೇ ಮಾಡಿ ಎಂಬುದು ನಿಮ್ಮ ನಲವತ್ತು ಡಾಲರ್ ಲೆಕ್ಕಕ್ಕೆ ನಾನು ಕೊಡಬಹುದಾದ ಅತಿ ದೊಡ್ಡ ಸಲಹೆ. ಮೆನುವಿನಲ್ಲಿ ಕಾಣುವ ಬೆಲೆಯೇ ಕೊಡುವ ಬೆಲೆಯಲ್ಲ ಎಂಬುದೂ ನೆನಪಿರಲಿ. ಅಲ್ಲಿ ಮಾರಾಟ ತೆರಿಗೆ ಸುಮಾರು ಶೇಕಡಾ 10, ಮೇಜಿಗೆ ತಂದು ಬಡಿಸುವ ಕಡೆ ಟಿಪ್ಸ್ ಶೇಕಡಾ 18ರಿಂದ 20 ಕೊಡುವುದು ರೂಢಿ. ಹನ್ನೆರಡು ಡಾಲರಿನ ತಟ್ಟೆ ಕೈಯಿಂದ ಹೋಗುವಾಗ ಹದಿನೈದೂವರೆಯಾಗಿರುತ್ತದೆ. ಕೌಂಟರಿನಲ್ಲಿ ನಿಂತು ಹೇಳಿ ನೀವೇ ತಟ್ಟೆ ಎತ್ತಿಕೊಳ್ಳುವ ಕಡೆ ಒಂದೆರಡು ಡಾಲರನ್ನು ಡಬ್ಬಿಗೆ ಹಾಕಿದರೆ ಸಾಕು.

ಇನ್ನು ವಾರದ ಲೆಕ್ಕಕ್ಕೆ ಬರೋಣ. ಸೋಮವಾರ ಆ ಊರಿಗೆ ಊರೇ ಉಣ್ಣುವುದು ಕೆಂಪು ಬೀನ್ಸ್ ಮತ್ತು ಅನ್ನ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು. ಭಾನುವಾರದ ಊಟದಲ್ಲಿ ಉಳಿದ ಹಂದಿಯ ಮೂಳೆಯೊಡನೆ ಬೀನ್ಸನ್ನು ಒಲೆಯ ಮೇಲಿಟ್ಟರೆ ಅದು ತನ್ನಷ್ಟಕ್ಕೆ ದಿನವಿಡೀ ಬೇಯುತ್ತಿತ್ತು, ಹೆಂಗಸರು ಬಟ್ಟೆಯ ಕೆಲಸ ಮುಗಿಸುತ್ತಿದ್ದರು. ನೋಡಲು ನಮ್ಮ ರಾಜ್ಮಾ ಕಾಳೇ, ಆದರೆ ಚೆನ್ನಾಗಿ ಬೆಂದು ಅರ್ಧ ಕಾಳು ಕರಗಿ ಬೆಣ್ಣೆಯಂತಾಗಿರುತ್ತದೆ. ಆ ಊರಿನವರೇ ಆದ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಪತ್ರಗಳ ಕೊನೆಗೆ ಈ ಬೀನ್ಸ್ ಅನ್ನದ ಹೆಸರು ಹೇಳಿಯೇ ಸಹಿ ಹಾಕುತ್ತಿದ್ದರು. ಅಗ್ಗದಲ್ಲಿ ಅಗ್ಗ ಇದೇ. ಆದರೆ ನಿಮಗಿಬ್ಬರಿಗೂ ಇಲ್ಲೊಂದು ತೊಡಕಿದೆ: ಸಂಪ್ರದಾಯದ ಪಾತ್ರೆಯಲ್ಲಿ ಹಂದಿಮಾಂಸ ಇದ್ದೇ ಇರುತ್ತದೆ. ಮೇಲಿಟ್ಟ ಸಾಸೇಜನ್ನು ತೆಗೆದುಕೊಡಿ ಎಂದರೆ ಕೆಲಸವಾಗದು, ಏಕೆಂದರೆ ರುಚಿ ಬೀನ್ಸಿನೊಳಗೇ ಇಳಿದಿರುತ್ತದೆ. ಕೆಲವು ಕಡೆ ಬೀನ್ಸನ್ನು ಬರಿದೇ ಬೇಯಿಸಿ ಮಾಂಸವನ್ನು ಬೇರೆ ಇಡುತ್ತಾರೆ. ಆದ್ದರಿಂದ "ಇದು ಸಸ್ಯಾಹಾರವೇ" ಎಂದು ಕೇಳಬೇಡಿ, "ಬೀನ್ಸ್ ಬೇಯುವ ಪಾತ್ರೆಯೊಳಗೆ ಮಾಂಸ ಹಾಕಿದ್ದೀರಾ" ಎಂದು ಕೇಳಿ. ಮೊದಲ ಪ್ರಶ್ನೆಗೆ ಒಳ್ಳೆಯ ಮನಸ್ಸಿನಿಂದಲೇ ತಪ್ಪು ಉತ್ತರ ಬರಬಹುದು, ಎರಡನೆಯದಕ್ಕೆ ನೇರ ಉತ್ತರವೇ ಬರುತ್ತದೆ.

ಮಂಗಳವಾರದಿಂದ ಗುರುವಾರದವರೆಗೆ ಸಮ್ಮೇಳನದ ನಡುವೆ ಹೊತ್ತು ಸಿಕ್ಕಾಗ ಪೋ ಬಾಯ್ ನಿಮಗೆ ಆಸರೆ. 1929ರಲ್ಲಿ ಟ್ರಾಮ್ ನೌಕರರು ಮುಷ್ಕರ ಹೂಡಿದಾಗ, ಒಮ್ಮೆ ತಾವೂ ಟ್ರಾಮಿನಲ್ಲಿ ಕೆಲಸ ಮಾಡಿದ್ದ ಬೆನ್ನಿ ಮತ್ತು ಕ್ಲೋವಿಸ್ ಮಾರ್ಟಿನ್ ಎಂಬ ಸೋದರರು ತಮ್ಮ ಅಂಗಡಿಯಿಂದ ಅವರಿಗೆ ಪುಕ್ಕಟೆಯಾಗಿ ಸ್ಯಾಂಡ್‌ವಿಚ್ ಹಂಚಿದರು. "ಇಗೋ ಇನ್ನೊಬ್ಬ ಬಡ ಹುಡುಗ (ಪೂರ್ ಬಾಯ್) ಬಂದ" ಎಂಬ ಮಾತಿನಿಂದಲೇ ಅದಕ್ಕೆ ಆ ಹೆಸರು ಬಂದಿತೆಂದು ಊರಿನವರು ಹೇಳುತ್ತಾರೆ. ಮಿಡ್-ಸಿಟಿಯ ಪಾರ್ಕ್‌ವೇ, ಅಪ್‌ಟೌನ್‌ನ ಅನನ್ಸಿಯೇಷನ್ ಬೀದಿಯಲ್ಲಿರುವ ಡೊಮಿಲೀಸಸ್ ಇವೆರಡೂ ಹಳೆಯ ಹೆಸರುಗಳು. ಪಾರ್ಕ್‌ವೇಗೆ 2010ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಕುಟುಂಬ ಸಮೇತ ಬಂದಿದ್ದರು. ಆದರೂ ಅದು ಇವತ್ತಿಗೂ ಬಡಾವಣೆಯ ಅಂಗಡಿಯಾಗಿಯೇ ಉಳಿದಿದೆ. ಹೊರಡುವ ಮುನ್ನ ಆ ದಿನ ತೆರೆದಿದೆಯೇ ಎಂದು ನೋಡಿಕೊಳ್ಳಿ, ಇಂಥ ಅಂಗಡಿಗಳಿಗೆ ವಾರದ ರಜೆ ಅವರವರ ಅನುಕೂಲದಂತೆ ಇರುತ್ತದೆ.

ಪೋ ಬಾಯ್ ಅಂಗಡಿಯ ಕೌಂಟರು ಹೇಗಿರುತ್ತದೆಂದು ಹೇಳುತ್ತೇನೆ, ಮೊದಲ ಸಲ ಹೋದವರು ಅಲ್ಲಿ ತಡವರಿಸುವುದುಂಟು. ಸಾಲಿನಲ್ಲಿ ನಿಂತು ಮುಂದೆ ಬಂದಾಗ ಕೌಂಟರಿನಲ್ಲಿರುವವರು ತಲೆ ಎತ್ತುವ ಮೊದಲೇ "ಡ್ರೆಸ್ಡ್?" ಎಂದು ಕೇಳುತ್ತಾರೆ. ಸಣ್ಣಗೆ ಹೆಚ್ಚಿದ ಲೆಟ್ಯೂಸ್ ಎಲೆ, ಟೊಮೆಟೊ, ಉಪ್ಪಿನಕಾಯಿಯ ಸೌತೆ ಬಿಲ್ಲೆ, ಮೇಯನೇಸ್ ಇವೆಲ್ಲ ಬೇಕೇ ಎಂಬುದು ಆ ಒಂದು ಪದದ ಅರ್ಥ; ಹೌದು ಎನ್ನಿ. ಒಳಗೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿದ ಸಿಗಡಿ ಎಣ್ಣೆಗೆ ಬಿದ್ದ ಸದ್ದು ಕೇಳುತ್ತದೆ. ಬ್ರೆಡ್ಡನ್ನು ಉದ್ದಕ್ಕೆ ಸೀಳುವಾಗ ಅದರ ಮೇಲ್ಪದರ ಹಪ್ಪಳದಂತೆ ಮುರಿದು ಪುಡಿ ಹಾರುತ್ತದೆ, ಒಳಗೆ ಮಾತ್ರ ಹತ್ತಿಯಷ್ಟು ಮೆತ್ತಗೆ. ಈ ಬ್ರೆಡ್ಡು ಆ ಊರಿನದೇ. ಲೈಡನ್‌ಹೈಮರ್ ಎಂಬ ಬೇಕರಿ 1896ರಿಂದ ಅದನ್ನು ಸುಡುತ್ತ ಬಂದಿದೆ. ಬಿಳಿ ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೂಗುತ್ತಾರೆ. ಕಾಗದ ಬಿಚ್ಚಿದಾಗ ಎರಡು ಸಿಗಡಿ ಹೊರಗೆ ಉದುರಿರಬೇಕು, ಅಷ್ಟು ತುಂಬಿದ್ದರೆ ಅಂಗಡಿ ಒಳ್ಳೆಯದೆಂದೇ ಲೆಕ್ಕ. ಪೂರ್ತಿ ಪೋ ಬಾಯ್ ಒಂದು ಅಡಿಯಷ್ಟು ಉದ್ದ ಇರುತ್ತದೆ, ಒಬ್ಬರಿಗೆ ಅರ್ಧ ಸಾಕು. ಹುರಿದ ಸಿಗಡಿ, ಸಿಂಪಿ, ಕ್ಯಾಟ್‌ಫಿಷ್ ಮೂರೂ ನಿಮಗೆ ಸಲ್ಲುತ್ತವೆ.

ನಿಮ್ಮ ಪತ್ನಿಯವರಿಗೆ ಹಲವು ಅಂಗಡಿಗಳಲ್ಲಿ ಆಲೂಗೆಡ್ಡೆ ಫ್ರೈಸ್ ತುಂಬಿದ ಪೋ ಬಾಯ್ ಸಿಗುತ್ತದೆ. ಬಡತನದ ಕಾಲದ ತಿನಿಸು ಅದು, ಇಂದಿಗೂ ಪ್ರೀತಿಯಿಂದ ತಿನ್ನುತ್ತಾರೆ. ಆದರೆ ಅದರ ಮೇಲೆ ಸುರಿಯುವ ಗೊಜ್ಜು ದನದ ಮಾಂಸದ ರಸ, ಅದನ್ನು ಬೇಡವೆಂದು ಮೊದಲೇ ಹೇಳಲೇಬೇಕು. ಫ್ರೈಸನ್ನು ಸಿಗಡಿ ಕರಿದ ಎಣ್ಣೆಯಲ್ಲೇ ಕರಿಯುವುದೂ ಉಂಟು. ಅದು ಅವರಿಗೆ ಒಪ್ಪಿಗೆಯಾಗದಿದ್ದರೆ ಕೇಳಿ ತಿಳಿದುಕೊಳ್ಳಿ. ಅವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. 1975ರ ನಂತರ ವಿಯೆಟ್ನಾಮಿನಿಂದ ಬಂದ ನಿರಾಶ್ರಿತರು ನಗರದ ಪೂರ್ವಭಾಗದಲ್ಲಿಯೂ ಮಿಸಿಸಿಪಿ ನದಿಯಾಚೆಯೂ ನೆಲೆನಿಂತರು. ಅವರ ಬಾನ್ ಮೀ ಸ್ಯಾಂಡ್‌ವಿಚ್ಚನ್ನು ಊರಿನವರು "ವಿಯೆಟ್ನಾಮೀಸ್ ಪೋ ಬಾಯ್" ಎಂದೇ ಕರೆಯುತ್ತಾರೆ. ತೋಫು ಹಾಕಿ, ಕ್ಯಾರೆಟ್ಟು, ಕೊತ್ತಂಬರಿ, ಹಸಿಮೆಣಸಿನಕಾಯಿ ಇಟ್ಟದ್ದು ಅಗ್ಗವಾಗಿ ಸಿಗುತ್ತದೆ. ಅವರ ಡಾಂಗ್ ಫುವಾಂಗ್ ಬೇಕರಿ 2018ರಲ್ಲಿ ಅಮೆರಿಕದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದಿದೆ. ಇದು ಕ್ರಿಯೋಲ್ ಅಡುಗೆ ಹೇಗಾದೀತು ಎಂದು ಯಾರಾದರೂ ಆಕ್ಷೇಪಿಸಬಹುದು. ಬಂದರಿಗೆ ಬಂದವರೆಲ್ಲರ ರುಚಿಯನ್ನು ತನ್ನದಾಗಿಸಿಕೊಂಡದ್ದೇ ಕ್ರಿಯೋಲ್ ಎಂದಾದರೆ, ಅದರ ಹೊಸ ಅಧ್ಯಾಯ ಇದು ಎಂಬುದು ನನ್ನ ನಂಬಿಕೆ.

ಶುಕ್ರವಾರ ಮೀನಿನ ದಿನ. ಊರಿನಲ್ಲಿ ಕ್ಯಾಥಲಿಕರು ಹೆಚ್ಚು. ಈಸ್ಟರ್‌ಗೆ ಮುನ್ನಿನ ನಲವತ್ತು ದಿನಗಳ ವ್ರತಕಾಲದಲ್ಲಿ ಶುಕ್ರವಾರ ಮಾಂಸ ವರ್ಜ್ಯ, ಮಾರ್ಚ್ ಕೊನೆ ಸಾಮಾನ್ಯವಾಗಿ ಆ ಅವಧಿಯೊಳಗೇ ಬರುತ್ತದೆ. ಆಗ ಅನೇಕ ಚರ್ಚುಗಳ ಅಂಗಳದಲ್ಲಿ, ಶಾಲೆಗಳ ಊಟದ ಮನೆಯಲ್ಲಿ ಸಾರ್ವಜನಿಕರಿಗೆ ಮೀನಿನ ಊಟ ಮಾರುತ್ತಾರೆ. ಹುರಿದ ಕ್ಯಾಟ್‌ಫಿಷ್, ಆಲೂಗೆಡ್ಡೆ ಸಲಾಡ್, ಒಂದು ತುಂಡು ಕೇಕ್ ಇರುವ ತಟ್ಟೆ. ಬಂದ ಹಣ ಶಾಲೆಗೋ ಚರ್ಚಿನ ಕೆಲಸಕ್ಕೋ ಹೋಗುತ್ತದೆ. ನೀವು ಕ್ರೈಸ್ತರಾಗಿರಬೇಕಿಲ್ಲ, ಮುಂಚೆ ಹೇಳಬೇಕಿಲ್ಲ, ಸಾಲಿನಲ್ಲಿ ನಿಂತರೆ ಸಾಕು. ಜಾತ್ರೆಯ ಪಂಕ್ತಿಯಲ್ಲಿ ಕುಳಿತಂತೆ ಉದ್ದನೆಯ ಮೇಜಿಗೆ ಅಪರಿಚಿತರ ನಡುವೆ ಕೂರುತ್ತೀರಿ, ಎದುರಿಗಿದ್ದವರು "ನೀವು ಎಲ್ಲಿಯವರು" ಎಂದು ಕೇಳಿಯೇ ಕೇಳುತ್ತಾರೆ. ಮಾರ್ಚಿನಲ್ಲಿ ಆ ಊರಿಗೆ ಹೋದವರು ಇದನ್ನು ಬಿಟ್ಟು ಬಂದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ನೀವು ಹೋಗುವ ಕಾಲಕ್ಕೆ ಇನ್ನೊಂದು ಭಾಗ್ಯವಿದೆ, ಕ್ರಾಫಿಷ್. ಸಿಗಡಿಗಿಂತ ಗಟ್ಟಿ ಚಿಪ್ಪಿನ, ಮುಂದೆ ಎರಡು ಕೊಂಡಿಗಳಿರುವ ಸಿಹಿನೀರಿನ ಜೀವಿ ಇದು. ಲೂಸಿಯಾನದಲ್ಲಿ ಇದನ್ನು ಹೆಚ್ಚಾಗಿ ಭತ್ತದ ಗದ್ದೆಯಲ್ಲಿಯೇ ಸಾಕುತ್ತಾರೆ. ಕೊಯ್ಲಾದ ಮೇಲೆ ಗದ್ದೆಗೆ ನೀರು ನಿಲ್ಲಿಸಿ, ಚಳಿಗಾಲದಿಂದ ವಸಂತದವರೆಗೆ ಬೋನು ಇಟ್ಟು ಹಿಡಿಯುತ್ತಾರೆ. ಮಲೆನಾಡಿನಲ್ಲಿ ಗದ್ದೆಯ ಏಡಿ ಹಿಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಅದರ ಸುಗ್ಗಿ. ಕೆಂಪು ಮೆಣಸಿನಪುಡಿ, ಬೆಳ್ಳುಳ್ಳಿ, ನಿಂಬೆಹಣ್ಣು, ಮೆಕ್ಕೆಜೋಳದ ತೆನೆ, ಆಲೂಗೆಡ್ಡೆಯೊಡನೆ ದೊಡ್ಡ ಕೊಳಗದಲ್ಲಿ ಬೇಯಿಸಿ ತೂಕದ ಲೆಕ್ಕದಲ್ಲಿ ಮಾರುತ್ತಾರೆ. ರೆಸ್ಟೋರೆಂಟಿನಲ್ಲಿ ತಿನ್ನುವುದಕ್ಕಿಂತ ಬಡಾವಣೆಯ ಸೀಫುಡ್ ಮಾರ್ಕೆಟ್ಟಿನಲ್ಲಿ ಬೇಯಿಸಿದ್ದನ್ನು ಚೀಲದಲ್ಲಿ ತುಂಬಿಸಿಕೊಂಡು ಉದ್ಯಾನದ ಬೆಂಚಿನ ಮೇಲೆ ಹಳೆಯ ಪತ್ರಿಕೆ ಹಾಸಿ ತಿನ್ನುವುದು ಅಗ್ಗವೂ ಹೌದು, ರೂಢಿಯೂ ಹೌದು. ಬಾಲವನ್ನು ತಿರುಚಿ ಎಳೆದು, ಮೊದಲ ಉಂಗುರವನ್ನು ಬಿಡಿಸಿ, ತುದಿಯನ್ನು ಹಿಸುಕಿದರೆ ಮಾಂಸ ಜಾರಿ ಬರುತ್ತದೆ. ತೂಕದಲ್ಲಿ ಬಹುಪಾಲು ಚಿಪ್ಪೇ ಇರುವುದರಿಂದ ಒಬ್ಬರಿಗೆ ಮೂರು ಪೌಂಡು, ಅಂದರೆ ಸುಮಾರು 1.4 ಕಿಲೋ ಕೇಳಿದರೆ ಹೆಚ್ಚಾಯಿತೆಂದು ಯಾರೂ ಭಾವಿಸುವುದಿಲ್ಲ. ಇದನ್ನೇ ಬಿಡಿಸಿ ಬೆಣ್ಣೆ, ಈರುಳ್ಳಿ, ಸೆಲರಿ, ಡಬ್ಬು ಮೆಣಸಿನಕಾಯಿಯೊಡನೆ ಬೇಯಿಸಿ ಅನ್ನದ ಮೇಲೆ ಸುರಿದರೆ ಎಟುಫೆ. ಸಾಮಾನ್ಯವಾಗಿ ಅದರಲ್ಲಿ ಹಂದಿಮಾಂಸ ಇರದ ಕಾರಣ ನಿಮ್ಮ ಮಟ್ಟಿಗೆ ಇಡೀ ಕೇಜನ್ ಅಡುಗೆಯಲ್ಲಿ ಮೊದಲು ಹುಡುಕಬೇಕಾದದ್ದು ಅದನ್ನೇ ಎಂದು ನಾನು ಹೇಳುತ್ತೇನೆ. ಎಲ್ಲವನ್ನೂ ಅಕ್ಕಿಯೊಡನೆಯೇ ಬೇಯಿಸುವ ಜಂಬಲಾಯದಲ್ಲಿ ಆಂಡೂಯಿ ಎಂಬ ಹಂದಿ ಸಾಸೇಜು ಸಾಮಾನ್ಯ, ಅದನ್ನು ಬಿಟ್ಟುಬಿಡಿ.

ಅನ್ನದೊಡನೆ ಉಣ್ಣುವ ಗಟ್ಟಿ ಸಾರಾದ ಗಂಬೊ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಆ ಹೆಸರು ಬಂದದ್ದು ಬೆಂಡೆಕಾಯಿಗೆ ಮಧ್ಯ ಆಫ್ರಿಕಾದ ಭಾಷೆಗಳಲ್ಲಿರುವ ಪದದಿಂದ. ಬೆಂಡೆಯ ಲೋಳೆಯಿಂದಲೋ, ಚೋಕ್ಟಾ ಮೂಲನಿವಾಸಿಗಳು ಬಳಸುತ್ತಿದ್ದ ಸಾಸಫ್ರಾಸ್ ಎಲೆಯ ಪುಡಿಯಿಂದಲೋ, ಹುರಿದ ಹಿಟ್ಟಿನಿಂದಲೋ ಅದು ಗಟ್ಟಿಯಾಗುತ್ತದೆ. ಲಫಾಯೆಟ್ ಬಳಿಯ ಊರೊಂದರಲ್ಲಿ ನೆರೆಮನೆಯ ಅಜ್ಜಿಯೊಬ್ಬರು ನನ್ನನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು ಆ ಹಿಟ್ಟು ಹುರಿಯುವುದನ್ನು ತೋರಿಸಿದ್ದರು. ಕಬ್ಬಿಣದ ದಪ್ಪ ಪಾತ್ರೆಯಲ್ಲಿ ಎಣ್ಣೆ, ಮೈದಾ, ಸಣ್ಣ ಉರಿ. ಮುಕ್ಕಾಲು ಗಂಟೆ ಕೈ ನಿಲ್ಲಿಸದೆ ತಿರುವಿದರು. ಮೊದಲು ಹುರಿಗಡಲೆ ಹಿಟ್ಟಿನ ಬಣ್ಣ, ಆಮೇಲೆ ಬೆಲ್ಲದ ಪಾಕದ ಬಣ್ಣ, ಕೊನೆಗೆ ಕಾಫಿ ಡಿಕಾಕ್ಷನ್ನಿನ ಬಣ್ಣ. ಅದಾದ ಮೇಲೆ ಒಂದು ನಿಮಿಷ ತಡವಾದರೂ ಸೀದುಹೋಗುತ್ತದೆ. ಸರಿಯಾದ ಹೊತ್ತಿಗೆ ಹೆಚ್ಚಿದ ಈರುಳ್ಳಿ ಸುರಿದಾಗ ಪಾತ್ರೆ ಭೋರ್ಗರೆದು, ಅಡುಗೆಮನೆಯ ತುಂಬ ಗೋಡಂಬಿ ಹುರಿದಂಥ ಪರಿಮಳ ಎದ್ದಿತು. ಈ ಕೆಲಸಕ್ಕೆ ದುಬಾರಿ ಸಾಮಾನು ಬೇಡ, ಹೊತ್ತು ಬೇಕು. ಆದ್ದರಿಂದಲೇ ಬೆಲೆ ನೋಡಿ ಗಂಬೊವಿನ ಗುಣ ಹೇಳಲಾಗದು. ನನ್ನ ಮೊದಲ ವರ್ಷ ಪ್ರವಾಸಿಗಳು ಮುತ್ತುವ ಬರ್ಬನ್ ಬೀದಿಯ ರೆಸ್ಟೋರೆಂಟೊಂದರಲ್ಲಿ ಬಟ್ಟಲಿಗೆ ಇಪ್ಪತ್ತು ಡಾಲರಿಗೂ ಹೆಚ್ಚು ತೆತ್ತು, ಹಿಟ್ಟಿನ ಗಂಜಿಯಲ್ಲಿ ಮೂರು ಸಿಗಡಿ ತೇಲುತ್ತಿದ್ದುದನ್ನು ತಿಂದು ಬಂದಿದ್ದೆ. ಸೀಫುಡ್ ಗಂಬೊ ಎಂದು ಬರೆದಿದ್ದರೂ ಅದರಲ್ಲಿ ಸಾಸೇಜು ಇರಬಹುದು, ಕೇಳಿಯೇ ತೆಗೆದುಕೊಳ್ಳಿ. 'ಬೋಲ್' ಬೇಡ, 'ಕಪ್' ಸಾಕು. ಇನ್ನು, 'ಗಂಬೊ ಝೆರ್ಬ್' ಎಂಬ ಸೊಪ್ಪಿನ ಗಂಬೊವಿನ ಹೆಸರು ಕೇಳಿ ನಿಮ್ಮ ಪತ್ನಿಯವರಿಗೆ ಆಸೆಯಾಗಬಹುದು. ಹಲವು ಬಗೆಯ ಸೊಪ್ಪು ಹಾಕಿದರೂ ಅದರ ಪ್ರಸಿದ್ಧ ಪಾಕಗಳಲ್ಲಿ ಮಾಂಸವೂ ಬಹಳ ಇರುತ್ತದೆ.

ಆ ಪಾಕಕ್ಕೆ ಹೆಸರಾದ ಮನೆ ಟ್ರೆಮೆ ಬಡಾವಣೆಯ ಡೂಕಿ ಚೇಸಸ್. 1941ರಲ್ಲಿ ಆರಂಭವಾದ ಈ ರೆಸ್ಟೋರೆಂಟನ್ನು ದಶಕಗಳ ಕಾಲ ನಡೆಸಿದ ಲಿಯಾ ಚೇಸ್ (1923–2019) ಅವರನ್ನು ಕ್ರಿಯೋಲ್ ಅಡುಗೆಯ ರಾಣಿ ಎಂದೇ ಕರೆಯುತ್ತಿದ್ದರು. ಬಿಳಿಯರೂ ಕರಿಯರೂ ಒಟ್ಟಿಗೆ ಕೂತು ಉಣ್ಣುವುದಕ್ಕೆ ಕಾನೂನಿನ ಅಡ್ಡಿಯಿದ್ದ ದಿನಗಳಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು ಇದರ ಮಾಳಿಗೆಯಲ್ಲಿ ಸಭೆ ಸೇರಿ, ಇಲ್ಲಿಯ ಗಂಬೊ ಉಣ್ಣುತ್ತ ಮುಂದಿನ ಹೆಜ್ಜೆ ಯೋಚಿಸುತ್ತಿದ್ದರು. 2005ರ ಕಟ್ರೀನಾ ಚಂಡಮಾರುತದ ನೀರು ನಗರದ ಸುಮಾರು ಶೇಕಡಾ 80 ಭಾಗವನ್ನು ಮುಳುಗಿಸಿದಾಗ ಇದೂ ಮುಳುಗಿ, ಎರಡು ವರ್ಷದ ನಂತರ ಮತ್ತೆ ತೆರೆಯಿತು. ನಿಮ್ಮ ಪಟ್ಟಿಯಲ್ಲಿ ಇದು ತುಸು ಹೆಚ್ಚು ಖರ್ಚಿನದಾದರೂ ಒಂದು ಮಧ್ಯಾಹ್ನದ ಊಟವನ್ನು ಇಲ್ಲಿಗೆಂದು ಎತ್ತಿಡಿ. ಕೋಳಿ ಹುರಿದದ್ದು ಇಲ್ಲಿ ಬಲು ಚೆನ್ನ. ಇನ್ನೊಂದು ಮಧ್ಯಾಹ್ನ ಒರೀತಾ ಕ್ಯಾಸಲ್ ಹೇಲಿ ಬೊಲೆವಾರ್ಡ್‌ನಲ್ಲಿರುವ ಕೆಫೆ ರೀಕನ್ಸೀಲ್‌ಗೆ ಹೋಗಿ. ಕಷ್ಟದ ಹಿನ್ನೆಲೆಯಿಂದ ಬಂದ ಹುಡುಗ ಹುಡುಗಿಯರಿಗೆ ಹೋಟೆಲ್ ಕೆಲಸದ ತರಬೇತಿ ಕೊಡುವ, ಲಾಭಕ್ಕಾಗಿ ನಡೆಯದ ಸಂಸ್ಥೆ ಅದು. ಬಡಿಸುವವರೂ ಬೇಯಿಸುವವರೂ ಅವರೇ. ಬೆಲೆ ಹಿತ, ಊಟ ಮನೆಯದರಂತೆ.

ಸಮ್ಮೇಳನದ ಕೇಂದ್ರದ ಸುತ್ತಮುತ್ತ ಎಲ್ಲವೂ ದುಬಾರಿ ಎನಿಸಿದ ರಾತ್ರಿ, ನಗರಮಧ್ಯದ ಬ್ಯಾರೋನ್ ಬೀದಿಯ ರೌಸಸ್ ಅಂಗಡಿಯನ್ನು ನೆನಪಿಡಿ. ಲೂಸಿಯಾನದ ಕುಟುಂಬವೊಂದರ ದಿನಸಿ ಅಂಗಡಿಗಳ ಸರಣಿ ಅದು. ಒಳಗೆ ಬಿಸಿ ಅಡುಗೆಯ ಕೌಂಟರು ಇದೆ. ಪ್ರವಾಸಿಗಳು ದಿನಸಿ ಅಂಗಡಿಯಲ್ಲಿ ಊಟ ಹುಡುಕುವುದಿಲ್ಲ, ಆ ಊರಿನ ನೌಕರಿಯವರು ಹುಡುಕುತ್ತಾರೆ.

ಗೊತ್ತಿಲ್ಲದ ಅಂಗಡಿಯ ಎದುರು ನಿಂತಾಗ ಒಳಗೆ ಹೋಗುವುದೋ ಬಿಡುವುದೋ ಎಂದು ತೀರ್ಮಾನಿಸಲು ನಾನು ನೋಡುವುದು ಇಷ್ಟು. ವಾರದ ಹೆಸರು ಹಾಕಿ ಅಂದಂದಿನ ಅಡುಗೆಯನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರೆ ಒಳಗೆ ಹೋಗುತ್ತೇನೆ. ಗಂಬೊ, ಜಂಬಲಾಯ, ಎಟುಫೆ ಮೂರನ್ನೂ ಚಿಕ್ಕ ಬಟ್ಟಲುಗಳಲ್ಲಿಟ್ಟು ಒಂದೇ ತಟ್ಟೆಯಾಗಿ ಮಾರುತ್ತಿದ್ದರೆ, ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುತ್ತಿದ್ದರೆ ಮುಂದೆ ನಡೆಯುತ್ತೇನೆ. ಸಿಗಡಿ ಎಲ್ಲಿಯದು ಎಂದು ಕೇಳುವುದನ್ನೂ ಮರೆಯುವುದಿಲ್ಲ. ಅಮೆರಿಕಕ್ಕೆ ಅತಿ ಹೆಚ್ಚು ಸಿಗಡಿ ಕಳಿಸುವ ದೇಶಗಳಲ್ಲಿ ಭಾರತವೇ ಮುಂಚೂಣಿಯಲ್ಲಿದೆ. ಅಲ್ಲಿಯ ಮೆಕ್ಸಿಕೊ ಕೊಲ್ಲಿಯ ತಾಜಾ ಸಿಗಡಿ ಎಂದುಕೊಂಡು ನೀವು ತಿನ್ನುವುದು ಆಂಧ್ರದ ಕೆರೆಯಲ್ಲಿ ಬೆಳೆದದ್ದೂ ಆಗಿರಬಹುದು. ಹೊರದೇಶದ ಸಿಗಡಿ, ಕ್ರಾಫಿಷ್ ಬಳಸುವ ರೆಸ್ಟೋರೆಂಟುಗಳು ಹಾಗೆಂದು ತಿಳಿಸಬೇಕೆಂಬ ಕಾನೂನು ಲೂಸಿಯಾನದಲ್ಲಿ 2019ರಿಂದ ಇದೆ. ಮೆನುವಿನ ಕೆಳತುದಿಯ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿಯ ಮೀನುಗಾರರ ಬದುಕು ಈ ಆಮದಿನಿಂದಲೂ ಕುಸಿದಿದೆ, ಆದ್ದರಿಂದ ಕೇಳುವುದರಲ್ಲಿ ಸಂಕೋಚ ಬೇಡ, ಸ್ಥಳೀಯ ಸಿಗಡಿ ಬಳಸುವವರು ಹೆಮ್ಮೆಯಿಂದಲೇ ಹೇಳುತ್ತಾರೆ. ಜನರನ್ನು ಕೇಳುವಾಗಲೂ "ಒಳ್ಳೆಯ ಹೋಟೆಲು ಯಾವುದು" ಎಂದರೆ ಪ್ರವಾಸಿಗಳಿಗೆ ಹೇಳುವ ಉತ್ತರವೇ ಬರುತ್ತದೆ. ನಿಮ್ಮ ಕೊಠಡಿ ಗುಡಿಸಲು ಬಂದವರನ್ನೋ ಬಸ್ ಚಾಲಕರನ್ನೋ "ಶುಕ್ರವಾರ ನೀವು ಮೀನು ಎಲ್ಲಿ ತಿನ್ನುತ್ತೀರಿ" ಎಂದು ಕೇಳಿ ನೋಡಿ.

ಓಡಾಟಕ್ಕೆ ಟ್ರಾಮು ಇದೆ, ಒಂದು ಪ್ರಯಾಣಕ್ಕೆ 1.25 ಡಾಲರ್. ಕೆನಾಲ್ ಬೀದಿಯ ಮಾರ್ಗ ಮಿಡ್-ಸಿಟಿಗೆ ಒಯ್ಯುತ್ತದೆ, 1835ರಿಂದ ಓಡುತ್ತಿರುವ ಸೇಂಟ್ ಚಾರ್ಲ್ಸ್ ಮಾರ್ಗ ಅಪ್‌ಟೌನ್‌ಗೆ. ಬೆಳಗಿನ ತಿಂಡಿಗೆ ಒಮ್ಮೆ ಫ್ರೆಂಚ್ ಕ್ವಾರ್ಟರ್‌ನ ಕೆಫೆ ದು ಮೋಂಡ್‌ಗೆ ಹೋಗಿ. 1862ರಿಂದ ಇರುವ, ಪ್ರವಾಸಿಗಳು ಮುತ್ತಿಕೊಳ್ಳುವ ಜಾಗವಾದರೂ ಚಿಕೋರಿ ಬೆರೆತ ಹಾಲಿನ ಕಾಫಿ ನಮ್ಮ ಕಡೆಯವರಿಗೆ ಮನೆಯನ್ನೇ ನೆನಪಿಸುತ್ತದೆ, ಒಂದು ತಟ್ಟೆಯಲ್ಲಿ ಮೂರು ಬೆನ್ಯೆ ಇರುತ್ತವೆ. ಸಕ್ಕರೆ ಪುಡಿ ಹೊದಿಸಿದ ಈ ಕರಿದ ತಿಂಡಿ ನಿಮ್ಮ ಪತ್ನಿಯವರಿಗೂ ಆಗುತ್ತದೆ. ಅಂಗಡಿಯವರು ಎಲ್ಲಿಯಾದರೂ ಕೇಳದೆಯೇ ಒಂದಿಷ್ಟು ಹೆಚ್ಚು ಹಾಕಿಕೊಟ್ಟರೆ ಅದಕ್ಕೆ ಅಲ್ಲಿ 'ಲಾನ್ಯಾಪ್' ಎನ್ನುತ್ತಾರೆ, ನಮ್ಮ ಸಂತೆಯ ಕೊಸರೇ ಅದು.

ಕೊನೆಯದಾಗಿ ಶನಿವಾರ. ಅಂದು ಬಿಡುವಿದ್ದು, ಕಾರಿನ ಬಾಡಿಗೆ ಹಂಚಿಕೊಳ್ಳಲು ಸಮ್ಮೇಳನದ ಗೆಳೆಯರು ಸಿಕ್ಕರೆ ಬೆಳಿಗ್ಗೆ ಏಳಕ್ಕೇ ಲಫಾಯೆಟ್ ಕಡೆ ಹೊರಡಿ. ಅಚಾಫಲಾಯ ಜೌಗಿನ ಮೇಲೆ ಸುಮಾರು 29 ಕಿಲೋಮೀಟರ್ ಉದ್ದದ ಸೇತುವೆ ದಾಟಿದೊಡನೆ ಬ್ರೋ ಬ್ರಿಡ್ಜ್ ಸಿಗುತ್ತದೆ. 1959ರಲ್ಲಿ ರಾಜ್ಯದ ಶಾಸನಸಭೆಯೇ ಅದನ್ನು ಕ್ರಾಫಿಷ್ ರಾಜಧಾನಿ ಎಂದು ಘೋಷಿಸಿತ್ತು. ಆ ನಾಡಿನ ಪೆಟ್ರೋಲ್ ಬಂಕುಗಳಲ್ಲಿಯೂ ಬಿಸಿಬಿಸಿ ಬೂಡ್ಯಾನ್ ಮಾರುತ್ತಾರೆ. ಅದು ಅನ್ನ ಮತ್ತು ಹಂದಿಮಾಂಸ ತುಂಬಿದ ಸಾಸೇಜಾದ್ದರಿಂದ ನಿಮಗೆ ಬೇಡ, ಆದರೆ ಕೆಲವು ಕಡೆ ಕ್ರಾಫಿಷ್ ತುಂಬಿದ್ದೂ ಸಿಗುತ್ತದೆ. ಅದರಲ್ಲಿ ಹಂದಿ ಬೆರೆಸಿಲ್ಲವೇ, ಹೊರಗಿನ ಪದರ ಯಾವುದರದು ಎಂದು ಕೇಳಿ ಕೊಳ್ಳಿ. ಮಧ್ಯಾಹ್ನ ಅಲ್ಲಿಯ ಯಾವುದಾದರೂ ಸಣ್ಣ ಊಟದ ಮನೆಯಲ್ಲಿ ಎಟುಫೆ ತಿಂದು, ನಿಮ್ಮ ಪತ್ನಿಯವರಿಗೆ ಮಾಂಸವಿಲ್ಲದ ಪಲ್ಯ ಯಾವುದೆಂದು ಕೇಳಿ ಅನ್ನ, ಮೆಕ್ಕೆಜೋಳದ ಬ್ರೆಡ್ಡಿನೊಡನೆ ಹಾಕಿಸಿ, ಕತ್ತಲಾಗುವ ಮುನ್ನ ಮತ್ತೆ ಸೇತುವೆ ದಾಟಬಹುದು. ಶನಿವಾರ ಮುಚ್ಚಿರುವ ಊಟದ ಮನೆಗಳೂ ಉಂಟು, ಹೊರಡುವ ಮುನ್ನ ಒಂದು ಫೋನು ಮಾಡಿ.